ತೆರವು: ಮಾತು, ಆಚರಣೆ ಮತ್ತು ದಾಖಲೆಗಳಲ್ಲಿ ಅದರ ಅರ್ಥವ್ಯಾಪ್ತಿ

ಕನ್ನಡದಲ್ಲಿ ಇಲ್ಲದಿರುವಿಕೆಯನ್ನು ಸೂಚಿಸುವ ಶಬ್ದಗಳು ಹೇರಳವಾಗಿವೆ. ಬರಿದು, ತೆರವು, ತೆರಪು, ಬಯಲು, ಬೀಳು, ಹಾಳು, ಬಿಡುವು, ಖಾಲಿ, ಶೂನ್ಯ ಇವೆಲ್ಲವೂ ಮೇಲ್ನೋಟಕ್ಕೆ ಒಂದೇ ಸಂಗತಿಯನ್ನು ಹೇಳುವಂತೆ ತೋರಿದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಕೊಡ ಬರಿದಾಗುತ್ತದೆ, ಹುದ್ದೆ ತೆರವಾಗುತ್ತದೆ, ಉಳದೆ ಬಿಟ್ಟ ಹೊಲ ಬೀಳಾಗುತ್ತದೆ, ಊರು ಹಾಳು ಬೀಳುತ್ತದೆ, ದುಡಿಮೆಯ ನಡುವೆ ಮನುಷ್ಯನಿಗೆ ಬಿಡುವು ಸಿಗುತ್ತದೆ. ಯಾವುದು, ಯಾರಿಗೆ, ಯಾವ ಸಂದರ್ಭದಲ್ಲಿ ಇಲ್ಲವಾಗಿದೆ ಎಂಬುದನ್ನು ಅವಲಂಬಿಸಿ ಶಬ್ದ ಬದಲಾಗುತ್ತದೆ. ಈ ಸೂಕ್ಷ್ಮ ವ್ಯತ್ಯಾಸಗಳ ಹಿಂದೆ ಒಂದು ಸಮುದಾಯದ ಲೋಕದೃಷ್ಟಿ ಅಡಗಿರುತ್ತದೆ. ಆಡಳಿತ, ಕಾನೂನು, ಸಂಗೀತ, ವಿಜ್ಞಾನ ಮೊದಲಾದ ಕ್ಷೇತ್ರಗಳು ತೆರವನ್ನು ಗ್ರಹಿಸುವ ಬಗೆಗೂ ಜನಪದರು ಅದನ್ನು ಗ್ರಹಿಸುವ ಬಗೆಗೂ ಇರುವ ಹೊಂದಿಕೆ ಮತ್ತು ಘರ್ಷಣೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಶಬ್ದಗಳ ವಿಚಾರ. ತೆರವು, ತೆರಪು ಎಂಬ ರೂಪಗಳು ‘ತೆರೆ’ ಎಂಬ ಕ್ರಿಯೆಗೆ ಸಂಬಂಧಿಸಿದವು. ಹಳಗನ್ನಡದಲ್ಲಿ ತೆಱಪು ಎಂದರೆ ನಡುವಣ ಖಾಲಿ ಜಾಗ ಎಂಬಂತೆ ಅವಕಾಶ, ಸಮಯಾವಕಾಶ ಎಂಬ ಅರ್ಥಗಳೂ ಇದ್ದವು. ಅಂದರೆ ಕನ್ನಡ ಮನಸ್ಸಿಗೆ ತೆರವು ಎಂಬುದು ತೆರೆದುಕೊಂಡದ್ದು, ಒಳಹೋಗಲು ದಾರಿಯಾದದ್ದು. ‘ಬಿಡು’ ಧಾತುವಿನ ಕಥೆ ಇನ್ನೂ ಕುತೂಹಲಕರ. ಅದರಿಂದ ಬಿಡುವು ಹುಟ್ಟಿತು. ಪಡು-ಪಾಡು ಎಂಬಂತೆ ಸ್ವರ ದೀರ್ಘವಾಗಿ ‘ಬೀಡು’ ಎಂಬ ನಾಮಪದವೂ ಹುಟ್ಟಿತು. ಬಿಟ್ಟು ಹೋಗುವ ಕ್ರಿಯೆಯಿಂದಲೇ ತಂಗುವ ಸ್ಥಳಕ್ಕೆ ಹೆಸರು ಬಂದಿರುವುದು ಗಮನಾರ್ಹ. ದಂಡು, ದನದ ಮಂದೆ, ಎತ್ತಿನ ಗಾಡಿಗಳ ಪಯಣದಲ್ಲಿ ಹೊರೆ ಇಳಿಸಿ ನೊಗ ಬಿಟ್ಟ ಕಡೆಯೇ ಬೀಡು. ‘ಖಾಲಿ’ ಮಾತ್ರ ಅರಬ್ಬಿ ಮೂಲದ್ದು. ಕಚೇರಿಯ ಮೂಲಕ ಬಂದು ಈಗ ಅಡುಗೆಮನೆಯವರೆಗೂ ಹೊಕ್ಕಿದೆ.

ವ್ಯಾಕರಣವೂ ತೆರವನ್ನು ಬಲ್ಲದು. ‘ನೋಡು’ ಎಂಬ ಏಕವಚನದ ಆಜ್ಞಾರ್ಥಕ್ಕೆ ಪ್ರತ್ಯಯವಿಲ್ಲ. ‘ನೋಡಿರಿ’ ಎಂಬ ರೂಪ ಪಕ್ಕದಲ್ಲಿರುವುದರಿಂದಲೇ ಪ್ರತ್ಯಯವಿಲ್ಲದಿರುವುದು ಅರ್ಥ ಕೊಡುತ್ತದೆ. ಇರಬೇಕಾದುದು ಕಾಣದಿರುವುದನ್ನು ಪಾಣಿನಿ ಲೋಪವೆಂದು ಕರೆದದ್ದು ಇದೇ ತರ್ಕದಿಂದ. ಎಂದೂ ಇರದಿದ್ದುದರ ಗೈರುಹಾಜರಿಗೆ ಲೋಪವೆನ್ನಲಾಗದು. ತೆರವು ಗುರುತಾಗಬೇಕಾದರೆ ಅಲ್ಲೊಂದು ಸ್ಥಾನ ಮೊದಲೇ ಇದ್ದಿರಬೇಕು. ಮುಂದಿನ ಎಲ್ಲ ಉದಾಹರಣೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಮನೆಯೊಳಗಿನ ಜನಪದದಲ್ಲಿ ಬರಿದು ಎಂಬುದು ಅಂಜಿಕೆಯ ವಿಷಯ. ಎದುರಿಗೆ ತುಂಬಿದ ಕೊಡ ಬಂದರೆ ಶುಭ, ಬರಿಗೊಡ ಬಂದರೆ ಪಯಣ ನಿಲ್ಲುತ್ತದೆ. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯನ್ನಾದರೂ ನಾಲ್ಕು ಕಾಳು ಅಕ್ಕಿಯನ್ನಾದರೂ ಹಾಕಿ ಕೊಡುತ್ತಾರೆ. ಅಕ್ಕಿ ಮುಗಿಯಿತು ಎನ್ನುವ ಬದಲು ‘ತುಂಬಿದೆ’ ಎನ್ನುವ, ದೀಪ ಆರಿಸು ಎನ್ನದೆ ‘ಶಾಂತ ಮಾಡು’ ಎನ್ನುವ ರೂಢಿ ಹಲವು ಮನೆಗಳಲ್ಲಿದೆ. ಖಾಲಿ ತೊಟ್ಟಿಲು ತೂಗಬಾರದು. ಉತ್ತರ ಕರ್ನಾಟಕದ ನಾಮಕರಣದಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗುವ ಪದ್ಧತಿಯನ್ನು ಸಾಮಾನ್ಯವಾಗಿ ಆಯುಷ್ಯದ ಹಾರೈಕೆಯೆಂದು ವಿವರಿಸಲಾಗುತ್ತದೆ. ಮಗು ಬರಿದಾದ ಜಾಗಕ್ಕೆ ನೇರವಾಗಿ ಇಳಿಯಬಾರದೆಂಬ ಎಚ್ಚರವೂ ಅದರಲ್ಲಿದೆ. ತವರಿನಿಂದ ಹೊರಟ ಮಗಳ ಉಡಿ ತುಂಬುವುದು ಇದೇ ಸಾಲಿಗೆ ಸೇರಿದ್ದು. ಇವನ್ನೆಲ್ಲ ಮೂಢನಂಬಿಕೆಯೆಂದು ಬದಿಗೊತ್ತುವುದು ಸುಲಭ. ಆದರೆ ಬರದ ನೆನಪು ಹಸಿಯಾಗಿದ್ದ ಸೀಮೆಗಳಲ್ಲಿ ಬರಿದಾದ ಮಡಕೆ ಸಂಕೇತವಷ್ಟೇ ಆಗಿರಲಿಲ್ಲ ಎಂಬುದನ್ನು ಮರೆಯಲಾಗದು. 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು.

ಜನಪದ ಕಥೆಗಳಲ್ಲಿ ಇದೇ ತೆರವು ಕಥೆಯ ಚಾಲಕಶಕ್ತಿಯಾಗುತ್ತದೆ. ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಕಥಾರಚನೆಯ ಅಧ್ಯಯನದಲ್ಲಿ ‘ಕೊರತೆ’ಯನ್ನು ಕಥೆಯನ್ನು ಮುಂದೂಡುವ ಮುಖ್ಯ ಘಟಕಗಳಲ್ಲೊಂದೆಂದು ಗುರುತಿಸಿದನು. ಅಲನ್ ಡಂಡೆಸ್ ಇದನ್ನು ಕೊರತೆ ಮತ್ತು ಕೊರತೆಯ ನಿವಾರಣೆ ಎಂಬ ಜೋಡಿಯಾಗಿ ಸರಳಗೊಳಿಸಿದನು. ಕನ್ನಡದ ಕಥೆಗಳಲ್ಲಿ ರಾಜನಿಗೆ ಮಕ್ಕಳಿಲ್ಲ, ಅಥವಾ ರಾಜನೇ ಇಲ್ಲ. ಎರಡನೆಯ ಸಂದರ್ಭದಲ್ಲಿ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬಿಡುತ್ತಾರೆ. ಅದು ಛತ್ರದ ಜಗಲಿಯಲ್ಲಿ ಮಲಗಿದ್ದ ಪರದೇಸಿಯ ಕೊರಳಿಗೆ ಮಾಲೆ ಹಾಕುತ್ತದೆ. ತೆರವಾದ ಸಿಂಹಾಸನವೊಂದೇ ಹುಟ್ಟಿನ ನಿಯಮವನ್ನು ಮುರಿಯಲು ಅವಕಾಶ ಕೊಡುತ್ತದೆ ಎಂಬ ಜನಪದರ ಗ್ರಹಿಕೆ ಇಲ್ಲಿ ವ್ಯಕ್ತವಾಗಿದೆ. 1399ರಲ್ಲಿ ಯದುರಾಯನು ದೂರದಿಂದ ಬಂದು, ಒಡೆಯನಿಲ್ಲದ ಮೈಸೂರನ್ನು ಮಾರನಾಯಕನ ಕೈಯಿಂದ ಬಿಡಿಸಿ ಅರಸನಾದನೆಂಬ ಐತಿಹ್ಯವೂ ಇದೇ ಆಶಯದ ಮೇಲೆ ನಿಂತಿದೆ. ಅದೇ ಮೈಸೂರಿನ ಅರಮನೆಯಲ್ಲಿ 2014ರ ನವರಾತ್ರಿಯ ಸಂದರ್ಭದ ವ್ಯವಸ್ಥೆ ಇಲ್ಲಿ ಉಲ್ಲೇಖನೀಯ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರಿನಲ್ಲಿ ನಿಧನರಾಗಿದ್ದರು. ಯದುವೀರರ ಪಟ್ಟಾಭಿಷೇಕ ನಡೆದದ್ದು 2015ರಲ್ಲಿ. ನಡುವಿನ ಆ ದಸರೆಯಲ್ಲಿ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ಖಾಸಗಿ ದರ್ಬಾರಿನ ವಿಧಿ ನೆರವೇರಿಸಲಾಯಿತು. ಸಿಂಹಾಸನವನ್ನು ಜೋಡಿಸದೆ ಬಿಡಬಹುದಿತ್ತು. ಸ್ಥಾನವನ್ನು ತೋರಿಸಿ, ಕುಳಿತಿರುವವರು ಇಲ್ಲವೆಂಬುದನ್ನೂ ಒಟ್ಟಿಗೇ ತೋರಿಸುವ ಕ್ರಮ ಇದು.

ವಚನಕಾರರ ಬಯಲು, ಅಲ್ಲಮಪ್ರಭುವಿಗೆ ಸಂಬಂಧಿಸಿದ ಶೂನ್ಯಸಿಂಹಾಸನ ಇವು ಬೇರೆಯೇ ನೆಲೆಯವು. ಅಲ್ಲಿ ಶೂನ್ಯವೆಂಬುದು ಸಾಧನೆಯ ಕೊನೆಯೇ ಹೊರತು ತುಂಬಬೇಕಾದ ಕೊರತೆಯಲ್ಲ. ಆ ಕುರಿತು ಕನ್ನಡದಲ್ಲಿ ವಿಪುಲವಾದ ಅಧ್ಯಯನಗಳಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಕಾನೂನಿನ ಲೋಕದಲ್ಲಿ ತೆರವು ತಾನಾಗಿ ಉಂಟಾಗುವುದಕ್ಕಿಂತ ಹೆಚ್ಚಾಗಿ ಘೋಷಣೆಯಿಂದ ಉಂಟಾಗುತ್ತದೆ. ಸಂಸತ್ತಿನ ಸದಸ್ಯರೊಬ್ಬರು ಸದನದ ಅನುಮತಿಯಿಲ್ಲದೆ 60 ದಿನಗಳ ಕಾಲ ಎಲ್ಲ ಸಭೆಗಳಿಗೂ ಗೈರುಹಾಜರಾದರೆ ಅವರ ಸ್ಥಾನ ತೆರವಾಗಿದೆಯೆಂದು ಸದನವು ಘೋಷಿಸಬಹುದೆಂದು ಸಂವಿಧಾನದ 101ನೆಯ ವಿಧಿ ಹೇಳುತ್ತದೆ. ರಾಜ್ಯ ಶಾಸಕಾಂಗಗಳಿಗೆ 190ನೆಯ ವಿಧಿಯಲ್ಲಿ ಇದೇ ನಿಯಮವಿದೆ. ವ್ಯಕ್ತಿ ಬದುಕಿದ್ದಾನೆ, ಸ್ಥಾನ ತೆರವಾಗಿದೆ. ಸ್ಥಾನ ಬೇರೆ, ಅದರಲ್ಲಿರುವ ವ್ಯಕ್ತಿ ಬೇರೆ ಎಂಬುದು ಆಧುನಿಕ ಆಡಳಿತದ ಅಡಿಪಾಯ. ಮಂಜೂರಾದ ಹುದ್ದೆ ಖಾಲಿ ಇದ್ದರೂ ಹುದ್ದೆಯಾಗಿಯೇ ಉಳಿಯುತ್ತದೆ. ಪ್ರಭಾರ ವಹಿಸಿಕೊಂಡವರಿಂದ ಕೆಲಸ ಸಾಗುತ್ತದೆ. ಹುದ್ದೆಯೇ ರದ್ದಾದರೆ ತೆರವೂ ಇರುವುದಿಲ್ಲ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯಿಂದ ಪಟೇಲ, ಶಾನುಭೋಗ ಮೊದಲಾದ ವಂಶಪಾರಂಪರ್ಯ ಅಧಿಕಾರಗಳು ಕೊನೆಗೊಂಡವು. ಆದರೂ ಹಲವು ಸಮುದಾಯಗಳ ಮದುವೆ, ಜಾತ್ರೆಗಳಲ್ಲಿ ಗೌಡರ ಹೆಸರಿನ ವೀಳ್ಯ ಎತ್ತಿಡುವುದು ನಿಂತಿಲ್ಲ. ಮನೆತನದವರು ಊರಲ್ಲಿಲ್ಲದಿದ್ದರೂ ಹೆಸರು ಕೂಗಿ ಎಲೆ ಅಡಿಕೆಯನ್ನು ಬದಿಗಿಡುತ್ತಾರೆ. ಕಾನೂನು ಅಳಿಸಿದ ಸ್ಥಾನವನ್ನು ಆಚರಣೆ ತೆರವಾಗಿ ಕಾಪಾಡಿಕೊಂಡಿದೆ. ಇದರಲ್ಲಿ ಹಳೆಯ ಶ್ರೇಣೀಕರಣದ ನೆರಳಿದೆ ಎಂಬುದೂ ನಿಜ. ತೋಟಿ, ತಳವಾರರ ಹೆಸರುಗಳು ವೀಳ್ಯದ ಸಾಲಿನಲ್ಲಿ ಎಷ್ಟನೆಯವಾಗಿ ಬರುತ್ತವೆ ಎಂಬುದನ್ನು ಗಮನಿಸಿದರೆ ಅದು ತಿಳಿಯುತ್ತದೆ.

ತೆರವು ಚಲನೆಗೆ ಕಾರಣವಾಗುವ ಕ್ಷೇತ್ರಗಳೂ ಇವೆ. ಹಿಂದುಸ್ತಾನಿ ಸಂಗೀತದ 16 ಮಾತ್ರೆಗಳ ತೀನ್‌ತಾಲದಲ್ಲಿ 9ನೆಯ ಮಾತ್ರೆಯನ್ನು ‘ಖಾಲಿ’ ಎನ್ನುತ್ತಾರೆ. ಅಲ್ಲಿ ಚಪ್ಪಾಳೆಯಿಲ್ಲ, ಕೈಯನ್ನು ಗಾಳಿಯಲ್ಲಿ ಬೀಸುತ್ತಾರೆ. ತಬಲದ ಎಡದ ನಾದ ತಗ್ಗುತ್ತದೆ. ಆವರ್ತದಲ್ಲಿ ತಾನೆಲ್ಲಿದ್ದೇನೆಂದು ಗಾಯಕನಿಗೆ ತಿಳಿಯುವುದು ಈ ತಗ್ಗಿನಿಂದಲೇ. 7 ಮಾತ್ರೆಗಳ ರೂಪಕ ತಾಲವಂತೂ ಖಾಲಿಯಿಂದಲೇ ಆರಂಭವಾಗುತ್ತದೆ. ಅಳಗುಳಿಮಣೆ ಆಡಿದವರಿಗೆ ಇದೇನೂ ಹೊಸದಲ್ಲ. 14 ಗುಳಿಗಳ ಆ ಮಣೆಯಲ್ಲಿ ಹುಣಸೆ ಬೀಜಗಳನ್ನು ಒಂದೊಂದಾಗಿ ಬಿತ್ತುತ್ತ ಹೋಗಿ, ಕೊನೆಯ ಬೀಜ ಬಿದ್ದ ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಟಗಾರ್ತಿಗೆ ಸೇರುತ್ತದೆ. ಎರಡು ಗುಳಿ ಒಟ್ಟಿಗೆ ಬರಿದಾಗಿದ್ದರೆ ಸರದಿ ಹೋಯಿತು. ಜಾಣೆಯಾದವಳು ತುಂಬಿದ ಗುಳಿಗಿಂತ ಬರಿಗುಳಿಯನ್ನೇ ಹೆಚ್ಚು ಎಣಿಸುತ್ತಾಳೆ. ಹುಲಿ-ಕುರಿ ಆಟದಲ್ಲಿ ಕುರಿಯನ್ನು ಹಾರಿ ಕೊಲ್ಲಲು ಹುಲಿಗೆ ಆಚೆ ಒಂದು ಖಾಲಿ ಮನೆ ಬೇಕು. ಕುರಿಗಳು ಗೆಲ್ಲುವುದು ಅಂಥ ಮನೆಯೊಂದನ್ನೂ ಬಿಡದೆ ಒತ್ತಾಗಿ ನಿಂತಾಗ. ವಿಜ್ಞಾನವು ಘನವಸ್ತುಗಳೊಳಗೆ ಕಂಡುಕೊಂಡದ್ದೂ ಇದನ್ನೇ ಹೋಲುತ್ತದೆ. ಲೋಹದ ಹರಳಿನಲ್ಲಿ ಪರಮಾಣುಗಳ ಸಾಲಿನ ನಡುವೆ ಅಲ್ಲಲ್ಲಿ ತಾಣಗಳು ಖಾಲಿ ಇರುತ್ತವೆ. ಬಿಸಿ ಏರಿದಂತೆ ಅವುಗಳ ಸಂಖ್ಯೆ ಹೆಚ್ಚುತ್ತದೆ. ಪಕ್ಕದ ಪರಮಾಣು ಖಾಲಿ ತಾಣಕ್ಕೆ ಜಿಗಿದರೆ ಅದು ಬಿಟ್ಟ ತಾಣ ಖಾಲಿಯಾಗುತ್ತದೆ. ಗಟ್ಟಿ ಲೋಹದೊಳಗೆ ಪರಮಾಣುಗಳು ಹೀಗೆ ಸಂಚರಿಸುತ್ತವೆ ಎಂಬುದಕ್ಕೆ ತಾಮ್ರ ಮತ್ತು ಹಿತ್ತಾಳೆಯನ್ನು ಜೋಡಿಸಿ ನಡೆಸಿದ ಕಿರ್ಕೆಂಡಾಲ್‌ರ 1947ರ ಪ್ರಯೋಗ ಬಲವಾದ ಆಧಾರ ಒದಗಿಸಿತು. ಮಣೆಗೂ ಹರಳಿಗೂ ಸಂಬಂಧ ಕಲ್ಪಿಸುವುದು ಇಲ್ಲಿಯ ಉದ್ದೇಶವಲ್ಲ. ಪೂರ್ತಿ ತುಂಬಿದ ವ್ಯವಸ್ಥೆ ಅಲುಗಾಡಲಾರದು ಎಂಬ ತಿಳಿವಳಿಕೆ ಜಗಲಿಯ ಆಟದಲ್ಲೂ ಇತ್ತು ಎಂಬುದಷ್ಟೇ ಮುಖ್ಯ.

ಇಷ್ಟು ಹಿನ್ನೆಲೆಯೊಂದಿಗೆ ‘ಹೊರಬೀಡು’ ಆಚರಣೆಯನ್ನು ನೋಡಬೇಕು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಸೀಮೆಗಳ ಅನೇಕ ಹಳ್ಳಿಗಳಲ್ಲಿ ಕೆಲವು ವರ್ಷಗಳಿಗೊಮ್ಮೆ, ಇಲ್ಲವೆ ಬರ, ರೋಗ, ದನಕರುಗಳ ಸಾವು ಮೇಲಿಂದ ಮೇಲೆ ಸಂಭವಿಸಿದಾಗ ಇಡೀ ಊರು ಒಂದು ದಿನದ ಮಟ್ಟಿಗೆ ಊರನ್ನು ಬಿಟ್ಟು ಹೊರಗೆ ಹೋಗುತ್ತದೆ. ಮುಂಚಿತವಾಗಿ ತಮಟೆ ಹೊಡೆದು ದಿನವನ್ನು ಸಾರುತ್ತಾರೆ. ಬೆಳಕು ಹರಿಯುವ ಮೊದಲೇ ಒಲೆ ಆರಿಸಿ, ಮನೆಗೆ ಬೀಗ ಹಾಕಿ, ದನ, ಕುರಿ, ಕೋಳಿ, ನಾಯಿಗಳೊಂದಿಗೆ ಎಲ್ಲರೂ ಹೊರಡುತ್ತಾರೆ. ನಡೆಯಲಾಗದ ಮುದುಕರನ್ನೂ ಬಾಣಂತಿಯರನ್ನೂ ಗಾಡಿಗಳಲ್ಲಿ ಕರೆದೊಯ್ಯುತ್ತಾರೆ. ಊರಿನ ದಾರಿಗಳಿಗೆ ಮುಳ್ಳು ಬಡಿಯುತ್ತಾರೆ. ಹಗಲೆಲ್ಲ ಹೊಲ ತೋಪುಗಳಲ್ಲಿ ಅಡುಗೆ, ಊಟ. ಸಂಜೆ ಮೊದಲು ಗ್ರಾಮದೇವತೆ ಊರೊಳಗೆ ಪ್ರವೇಶಿಸಬೇಕು, ಅನಂತರ ಜನ. ವಿವರಗಳು ಊರಿಂದೂರಿಗೆ ವ್ಯತ್ಯಾಸಗೊಳ್ಳುತ್ತವೆ. ಆದರೆ ಊರೊಳಗೆ ಒಂದು ಜೀವವೂ ಉಳಿಯಬಾರದು ಎಂಬ ಕಟ್ಟು ಮಾತ್ರ ಎಲ್ಲೆಡೆ ಒಂದೇ.

ಇದಕ್ಕೆ ಜನರು ಕೊಡುವ ವಿವರಣೆ ಸರಳ: ಊರಿಗೆ ಅಂಟಿದ್ದು ಊರಲ್ಲಿ ಯಾರೂ ಇಲ್ಲವೆಂದು ತಿಳಿದು ಹೊರಟು ಹೋಗಲಿ. ಕೆಟ್ಟ ನಕ್ಷತ್ರದಲ್ಲಿ ಸಾವು ಸಂಭವಿಸಿದ ಮನೆಯನ್ನು ಕೆಲವು ತಿಂಗಳು ಬಿಟ್ಟು, ಬಾಗಿಲಿಗೆ ಮುಳ್ಳು ಹಚ್ಚುವ ಪದ್ಧತಿಯ ತರ್ಕವೂ ಇದೇ. ರೋಗಶಾಸ್ತ್ರದ ದೃಷ್ಟಿಯಿಂದ ವಿವರಿಸುವವರು 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗನ್ನು ನೆನಪಿಸುತ್ತಾರೆ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳ ಗುಡಿಸಲುಗಳಲ್ಲಿ ವಾಸಿಸಿದ ಅನುಭವ ಹಳೆಯ ಮೈಸೂರಿನ ಹಳ್ಳಿಗಳಿಗೆ ದಶಕಗಳ ಕಾಲ ಇತ್ತು. ಆದರೆ ಒಂದು ದಿನದ ಹೊರಬೀಡಿನಿಂದ ಪ್ಲೇಗು ನಿಲ್ಲುವಂತಿರಲಿಲ್ಲ. ಆದ್ದರಿಂದ ಆಚರಣೆಯನ್ನು ಪೂರ್ತಿಯಾಗಿ ಆರೋಗ್ಯೋಪಾಯವೆಂದು ಅರ್ಥೈಸುವುದು ಒತ್ತಾಯದ ವ್ಯಾಖ್ಯಾನವಾಗುತ್ತದೆ. ವಿಕ್ಟರ್ ಟರ್ನರ್ ಹೇಳುವ ಹೊಸ್ತಿಲ ಸ್ಥಿತಿಯ ಮೂಲಕ ನೋಡುವುದು ಹೆಚ್ಚು ಸೂಕ್ತ. ಬಯಲಿನಲ್ಲಿ ಕೇರಿಗಳ ಗೆರೆ ಆ ಒಂದು ದಿನ ಸಡಿಲಾಗುತ್ತದೆ. ಪೂರ್ತಿ ಅಳಿಯುತ್ತದೆ ಎಂದು ಹೇಳುವುದು ಉತ್ಪ್ರೇಕ್ಷೆ. ಒಲೆಗಳು ಕೇರಿಗನುಸಾರವಾಗಿಯೇ ಹೂಡಲ್ಪಡುವ ಊರುಗಳುಂಟು. ಇನ್ನೊಂದು ಅಂಶ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಹೊರಬೀಡಿನ ದಿನ ಊರು ತಾನು ನಿಜವಾಗಿ ಹಾಳಾಗುವ ಸಾಧ್ಯತೆಯನ್ನು ಮುಂಚಿತವಾಗಿ ಅಭಿನಯಿಸುತ್ತದೆ, ಮತ್ತು ಸಂಜೆಗೆ ಅದನ್ನು ಹಿಂದಿರುಗಿಸಿಕೊಳ್ಳುತ್ತದೆ. ಹಾಗೆ ಹಿಂದಿರುಗಲಾಗದ ಊರುಗಳು ಆ ಸೀಮೆಯಲ್ಲಿ ಕಡಿಮೆಯಿಲ್ಲ.

ಅಂಥ ಊರುಗಳಿಗೆ ಕಂದಾಯ ಇಲಾಖೆಯ ಹೆಸರು ‘ಬೇಚಿರಾಖ್’. ಬೇಚರಾಕು, ಬೇಚರಾಕ್ ಎಂಬ ರೂಪಗಳೂ ರೂಢಿಯಲ್ಲಿವೆ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪವಿಲ್ಲದ್ದು. ‘ಮನೆಯಲ್ಲಿ ದೀಪ ಹಚ್ಚುವವರಿಲ್ಲ’ ಎಂದು ವಂಶ ನಿಂತುಹೋದುದನ್ನು ಹೇಳುವ ಕನ್ನಡದ ನುಡಿಗೂ ಈ ಕಚೇರಿ ಶಬ್ದಕ್ಕೂ ಇರುವ ಸಾಮ್ಯ ಬೆರಗು ಹುಟ್ಟಿಸುತ್ತದೆ. ಪಹಣಿ, ಖರಾಬು, ಖಾತೆಗಳ ಒಣ ಪದಕೋಶದಲ್ಲಿ ಇಷ್ಟು ಮನುಷ್ಯ ಸಹಜವಾದ ಶಬ್ದ ಇನ್ನೊಂದು ಸಿಗುವುದು ಕಷ್ಟ. 2011ರ ಜನಗಣತಿಯಂತೆ ಕರ್ನಾಟಕದಲ್ಲಿದ್ದ 29,340 ಗ್ರಾಮಗಳಲ್ಲಿ ಜನವಸತಿಯಿದ್ದವು 27,397. ಉಳಿದ 1,943 ಗ್ರಾಮಗಳಿಗೆ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ಜನರಿಲ್ಲ. ಗ್ರಾಮವೆಂಬುದು ದಾಖಲೆಯಲ್ಲಿ ಭೂಮಿಯ ಘಟಕವಾಗಿರುವುದರಿಂದ ಜನ ಹೋದರೂ ಅದು ಉಳಿಯುತ್ತದೆ. ಎಲ್ಲವೂ ಹಾಳೂರುಗಳೆಂದು ಭಾವಿಸಬಾರದು. ಕೆಲವು ಕಾವಲು, ಅರಣ್ಯ ಭೂಮಿಗಳು ಗ್ರಾಮದ ಹೆಸರಿನಲ್ಲಿ ದಾಖಲಾದವು, ಕೆಲವು ಜಲಾಶಯಗಳಲ್ಲಿ ಮುಳುಗಿದವು.

ನಿಜವಾದ ಹಾಳೂರನ್ನು ಗುರುತಿಸಲು ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆ ದಾಖಲೆಯ ನೆರವು ಬೇಕಾಗುವುದಿಲ್ಲ. ಹೊಲಗಳ ನಡುವೆ ಒಂಟಿಯಾಗಿ ನಿಂತ ಹನುಮಪ್ಪನ ಗುಡಿ, ಬೂದಿಮಣ್ಣಿನ ದಿಬ್ಬ, ಉಳುವಾಗ ಮೇಲೇಳುವ ಮಡಕೆಯ ಬೋಕಿ, ಹೂತುಹೋದ ಬಾವಿ, ಬಳಸುವವರಿಲ್ಲದ ಒರಳುಕಲ್ಲು ಇವು ಸಾಕು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ಇಂದು ಲೇವಡಿಗೆ ಬಳಸಲಾಗುತ್ತಿದ್ದರೂ, ಜನ ಒಬ್ಬೊಬ್ಬರಾಗಿ ಹೊರಟು ಕೊನೆಗೆ ಒಂದು ಮನೆ ಮಾತ್ರ ಉಳಿದ ಸಂದರ್ಭ ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಊರು ಹಾಳಾದುದಕ್ಕೆ ಜನ ಹೇಳುವ ಕಾರಣಗಳಲ್ಲಿ ಮಾರಿಯ ಮುನಿಸು, ಪಾಳೆಯಗಾರರ ದಾಳಿ, ಬತ್ತಿದ ಕೆರೆ, ಹೆಣ್ಣೊಬ್ಬಳ ಶಾಪ ಮತ್ತೆ ಮತ್ತೆ ಬರುತ್ತವೆ. ಶಾಪದ ಕಥೆಗಳಲ್ಲಿ ಅನ್ಯಾಯಕ್ಕೊಳಗಾದವಳ ಹೆಸರು ಉಳಿದು, ಅನ್ಯಾಯ ಮಾಡಿದವರ ಹೆಸರು ಅಳಿದುಹೋಗಿರುವುದೇ ಹೆಚ್ಚು. ವಲಸೆ ಹೋದವರ ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬಂದು ಆ ಹನುಮಪ್ಪನಿಗೆ ದೀಪ ಹಚ್ಚಿ ಹೋಗುವ ವಾಡಿಕೆ ಹಲವೆಡೆ ಉಳಿದಿದೆ. ದಾಖಲೆಗೆ ದೀಪವಿಲ್ಲದ ಊರು. ಆ ಕುಟುಂಬಗಳಿಗೆ ಮನೆದೇವರ ನೆಲೆ.

ತೆರವನ್ನು ಯಾರು ನೋಡುತ್ತಿದ್ದಾರೆ ಎಂಬ ಪ್ರಶ್ನೆ ಇಲ್ಲಿ ಆಸ್ತಿಯ ಪ್ರಶ್ನೆಯೂ ಆಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳು ಇದಕ್ಕೆ ಸ್ಪಷ್ಟ ನಿದರ್ಶನ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಿಂದ ಮೊದಲ್ಗೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರು ಪಡೆದ ರಾಸುಗಳಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳಿವು. ‘ಕಾವಲು’ ಎಂಬ ಹೆಸರೇ ಕಾಯಲ್ಪಟ್ಟ ನೆಲವೆಂದು ಸಾರುತ್ತದೆ. ಮನೆಯಿಲ್ಲ, ಮರ ವಿರಳ, ಬೆಳೆಯಿಲ್ಲ. ಹೊರಗಿನವರ ಕಣ್ಣಿಗೆ ಅದು ಖಾಲಿ ಬಯಲು. ಈ ಶತಮಾನದ ಮೊದಲ ದಶಕದ ಕೊನೆಯ ಭಾಗದಿಂದ ಅಲ್ಲಿಯ ಸುಮಾರು 10 ಸಾವಿರ ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ಉನ್ನತ ವಿಜ್ಞಾನ ಶಿಕ್ಷಣದ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ನೀಡಲಾಯಿತು. 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತು. ಆ ಸಂಸ್ಥೆಗಳ ಅಗತ್ಯ ಅಥವಾ ಕಾನೂನಿನ ಸರಿತಪ್ಪುಗಳ ತೀರ್ಮಾನ ಜಾನಪದ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಆ ನೆಲ ಖಾಲಿಯಾಗಿರಲಿಲ್ಲ ಎಂದು ಹೇಳುವುದು ಅದರ ವ್ಯಾಪ್ತಿಗೆ ಖಂಡಿತವಾಗಿ ಬರುತ್ತದೆ. ಸುತ್ತಲಿನ ಹಳ್ಳಿಗಳ ಕುರಿಗಳು ಅಲ್ಲಿ ಮೇಯುತ್ತಿದ್ದವು. ಆ ಉಣ್ಣೆಯಿಂದ ಕಂಬಳಿ ನೇಯುವ ಕುಟುಂಬಗಳು ಬದುಕುತ್ತಿದ್ದವು. ಮ್ಯಾಸಬೇಡರ ಸಂಸ್ಕೃತಿಯಲ್ಲಿ ದೇವರ ಎತ್ತುಗಳ ಸ್ಥಾನ ಎಂಥದೆಂದು ಬಲ್ಲವರಿಗೆ, ಕಿಲಾರಿಗಳು ಅವನ್ನು ಮೇಯಿಸುವ ಬಯಲುಗಳು ಈ ಸೀಮೆಯಲ್ಲಿ ಎಷ್ಟು ಮುಖ್ಯವೆಂದು ವಿವರಿಸಬೇಕಿಲ್ಲ. ಬೀಳು, ಗೋಮಾಳ, ಹುಲ್ಲುಬನ್ನಿ, ಕಾವಲು ಎಂದು ಜನ ನಾಲ್ಕಾರು ಹೆಸರುಗಳಿಂದ ಬೇರ್ಪಡಿಸಿದ್ದನ್ನು ಯೋಜನಾ ವರದಿಗಳ ಭಾಷೆ ‘ಪಾಳುಭೂಮಿ’ ಎಂಬ ಒಂದೇ ಹೆಸರಿನಡಿ ಸೇರಿಸಿದಾಗ ಕಳೆದುಹೋಗುವುದು ಶಬ್ದಗಳಷ್ಟೇ ಅಲ್ಲ.

ಬೇಚಿರಾಖಿಗೆ ತದ್ವಿರುದ್ಧವಾದ ಸ್ಥಿತಿ ಹಟ್ಟಿ, ತಾಂಡಾಗಳದ್ದು. ಅಲ್ಲಿ ಜನರಿದ್ದಾರೆ, ದೀಪವಿದೆ, ಸೇವಾಲಾಲರ ಗುಡಿಯಿದೆ ಅಥವಾ ಗೊಲ್ಲರ ಜುಂಜಪ್ಪನಿದ್ದಾನೆ. ದಾಖಲೆಯಲ್ಲಿ ಮಾತ್ರ ಗ್ರಾಮವಿಲ್ಲ. ನಕ್ಷೆಯ ಆ ಭಾಗ ಬೇರೊಂದು ಗ್ರಾಮದ ಸರ್ವೆ ನಂಬರು, ಅಂದರೆ ಮನೆಗಳಿಲ್ಲದ ಜಮೀನು. ಪೀಳಿಗೆಗಳಿಂದ ವಾಸವಾಗಿದ್ದವರ ಕೈಯಲ್ಲಿ ತಮ್ಮ ಮನೆಯ ಹಕ್ಕುಪತ್ರವಿರಲಿಲ್ಲ. ಭೂಸುಧಾರಣಾ ಕಾಯ್ದೆಗೆ ತಂದು 2017ರಲ್ಲಿ ಜಾರಿಯಾದ ತಿದ್ದುಪಡಿಯಿಂದ ಇಂಥ ದಾಖಲೆರಹಿತ ಜನವಸತಿಗಳ ನಿವಾಸಿಗಳಿಗೆ ಮನೆಯ ಅಡಿಯ ನೆಲದ ಮೇಲೆ ಹಕ್ಕು ನೀಡಲು ಅವಕಾಶವಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಸುಮಾರು 50 ಸಾವಿರ ಫಲಾನುಭವಿಗಳಿಗೆ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಹೊಸ ಗ್ರಾಮಕ್ಕೆ ಹೆಸರು ಬರೆಸುವಾಗ ನಾಯಕನ ಹೆಸರೋ ದೇವರ ಹೆಸರೋ ಮೂಲ ಊರಿನ ಹೆಸರಿಗೆ ಬಾಲವಾಗಿ ತಾಂಡಾ ಎಂಬುದೋ ಎಂಬ ಚರ್ಚೆ ಇಂಥ ವಸತಿಗಳಲ್ಲಿ ಸಹಜವಾಗಿಯೇ ಏಳುತ್ತದೆ. ಆ ಚರ್ಚೆಗಳನ್ನು ಸ್ಥಳನಾಮ ಅಧ್ಯಯನಕಾರರು ಈಗಲೇ ದಾಖಲಿಸಿಕೊಳ್ಳಬೇಕಾಗಿದೆ. ಹೆಸರು ಪಹಣಿಗೆ ಏರಿದ ಮೇಲೆ, ಬಿಟ್ಟುಹೋದ ಹೆಸರುಗಳನ್ನು ಹೇಳುವವರು ಸಿಗುವುದಿಲ್ಲ.